ಹತ್ತನೇ ಹುಣಸೆ ಬೀಜ

2004ನೇ ಇಸವಿ ಅಕ್ಟೋಬರ್ 17, ಭಾನುವಾರ, ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷ. ನಂಜನಗೂಡಿನಲ್ಲಿ ಕರೆಂಟು ಹೋಯಿತು, ಸಿದ್ದಮಲ್ಲಪ್ಪನವರ ಮನೆಯ ಟೀವಿ ಆರಿತು, ನಾನು ಕೈಗಡಿಯಾರ ನೋಡಿಕೊಂಡೆ. ಲ್ಯಾಬಿನಲ್ಲಿ ಕೆಲಸ ಮಾಡುವವರಿಗೆ ಏನು ಶುರುವಾದರೂ, ಏನು ನಿಂತರೂ ಗಡಿಯಾರ ನೋಡುವ ಚಟ ಅಂಟಿಕೊಳ್ಳುತ್ತದೆ. ಹೊರಗೆ ಬೆಳಗಿನಿಂದ ಹಿಡಿದ ಮಳೆ. ಹೊಳೆಯ ಕಡೆಯಿಂದ ಬೀಸುವ ಗಾಳಿಗೆ ಜಗಲಿಯ ಅರ್ಧದವರೆಗೂ ಎರಚಲು ಬರುತ್ತಿದ್ದುದರಿಂದ ಎಲ್ಲರೂ ಪಡಸಾಲೆಗೆ ಕುರ್ಚಿ ಎಳೆದುಕೊಂಡಿದ್ದೆವು.

ಎಲ್ಲರೂ ಎಂದರೆ ನಾಲ್ವರು. ಸಿದ್ದಮಲ್ಲಪ್ಪನವರಿಗೆ ಅರವತ್ತಾರು ವರ್ಷ. ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ದಾರಿಯ ಒಂದು ಆರೋಗ್ಯ ಕೇಂದ್ರದಲ್ಲಿ ಲ್ಯಾಬ್ ಟೆಕ್ನೀಷಿಯನ್ ಆಗಿದ್ದು 1996ರಲ್ಲಿ ನಿವೃತ್ತರಾದವರು. ಆಮೇಲೆ ಬಸ್ ನಿಲ್ದಾಣದ ಹತ್ತಿರ ಆರು ವರ್ಷ ಸಣ್ಣ ಲ್ಯಾಬೊಂದನ್ನು ನಡೆಸಿದ್ದರು. ಅವರ ಹೆಂಡತಿ ಚನ್ನಾಜಮ್ಮ. ಆ ಸಣ್ಣ ಲ್ಯಾಬಿನಲ್ಲಿ ಎರಡು ವರ್ಷ ದುಡಿದು ಈಗ ಅನುಭವ ಪತ್ರ ಬರೆಸಿಕೊಳ್ಳಲು ಬಂದಿದ್ದ ನಟರಾಜ್. ನಾಲ್ಕನೆಯವಳು ನಾನು, ಭಾನುಪ್ರಿಯಾ. ಬಿ.ಎಸ್ಸಿ. ಮುಗಿಸಿ, ಅದರ ಮೇಲೆ ಎರಡು ವರ್ಷದ ಡಿಪ್ಲೊಮಾ ಮಾಡಿ, ಆರು ತಿಂಗಳ ಹಿಂದೆ ಗುತ್ತಿಗೆಯ ಮೇಲೆ ಕೆಲಸಕ್ಕೆ ಸೇರಿದ್ದೆ. ಸೇರಿದ್ದು ಸಿದ್ದಮಲ್ಲಪ್ಪನವರು ಕೆಲಸ ಮಾಡಿದ್ದ ಅದೇ ಕೇಂದ್ರದಲ್ಲಿ, ಅವರು ಕೂರುತ್ತಿದ್ದ ಅದೇ ಕೋಣೆಯಲ್ಲಿ.

ನಟರಾಜ್ ಪತ್ರಿಕೆಯಿಂದ ಕತ್ತರಿಸಿ ತಂದಿದ್ದ ಲ್ಯಾಬ್ ಟೆಕ್ನೀಷಿಯನ್ ಕೆಲಸದ ಜಾಹೀರಾತನ್ನು ಕಿಟಕಿಯ ಬೆಳಕಿಗೆ ಹಿಡಿದು ಓದುತ್ತಿದ್ದ.

"ಕೇಳಿ ಸಾರ್. ವಿಜ್ಞಾನದಲ್ಲಿ ಪಿಯುಸಿ. ಅದ್ರ ಮೇಲೆ ಡಿಎಂಎಲ್‌ಟಿ, ಲ್ಯಾಬ್ ಡಿಪ್ಲೊಮಾ. ಅದ್ರ ಮೇಲೆ ಬೋರ್ಡಲ್ಲಿ ನೋಂದಣಿ. ಅದ್ರ ಮೇಲೆ ಎರಡು ವರ್ಷ ಅನುಭವ. ಕಂಪ್ಯೂಟರ್ ಬೇರೆ ಗೊತ್ತಿರ್ಬೇಕಂತೆ. ಇಷ್ಟೆಲ್ಲ ಇರೋನು ಇಲ್ಯಾಕೆ ಉಚ್ಚೆ ಕಾಯಿಸ್ಕೊಂಡು ಕೂತಿರ್ತಾನೆ?"

"ಥೂ! ಕೈಯಲ್ಲಿ ಪುರಿ ಇಟ್ಕೊಂಡು ಎಂಥ ಮಾತಾಡ್ತೀಯಪ್ಪ" ಎಂದರು ಚನ್ನಾಜಮ್ಮ. "ನಿಮ್ಮ ಗುರುಗಳೂ ಇಂಗೇ. ಮದ್ವೆಯಾದ ಹೊಸದ್ರಲ್ಲಿ ಊಟಕ್ಕೆ ಕೂತಾಗ ಯಾರ ಕಫ ಯಾವ ಬಣ್ಣ ಅಂತ ಯೋಳೋರು. ನಾನು ತಟ್ಟೆ ಬಿಟ್ಟು ಏಳೋಳು."

"ಎದ್ದೋಳು ಅಡುಗೆಮನೇಲಿ ಕೂತು ಉಣ್ಣೋಳು, ಅದ್ನೂ ಹೇಳು" ಎಂದು ಸಿದ್ದಮಲ್ಲಪ್ಪ ನಕ್ಕರು. ಮತ್ತೆ ನನ್ನ ಕಡೆ ತಿರುಗಿ, "ಅಲ್ಲೂ ಕರೆಂಟಿನ ಗೋಳು ಹಿಂಗೇಯಾ ಭಾನು?" ಎಂದು ಕೇಳಿದರು.

ಹಿಂದಿನ ದಿನ, ಶನಿವಾರ ಇಡೀ ಕರೆಂಟು ಇರಲಿಲ್ಲವೆಂದೂ, ದೀಪದ ಮೈಕ್ರೋಸ್ಕೋಪು ನಡೆಯದೆ ಬೀರುವಿನಿಂದ ಹಳೆಯ ಕನ್ನಡಿ ಮೈಕ್ರೋಸ್ಕೋಪು ತೆಗೆದೆನೆಂದೂ ಹೇಳಿದೆ. ಅಷ್ಟನ್ನು ಮಾತ್ರ ಹೇಳಿದೆ. ಹೇಳದೆ ಉಳಿಸಿಕೊಂಡದ್ದನ್ನು ಇಲ್ಲಿ ಬರೆಯುತ್ತೇನೆ. ಮೈಕ್ರೋಸ್ಕೋಪಿನಲ್ಲಿ ಒಂದು ಸಲಕ್ಕೆ ಕಾಣುವ ದುಂಡನೆಯ ಜಾಗಕ್ಕೆ ನಾವು ಫೀಲ್ಡ್ ಎನ್ನುತ್ತೇವೆ. ಕಫದಲ್ಲಿ ಕ್ಷಯದ ಕ್ರಿಮಿ ಇಲ್ಲವೆಂದು ಬರೆಯುವ ಮೊದಲು ಅಂಥ ನೂರು ಫೀಲ್ಡ್‌ಗಳನ್ನು ನೋಡಿರಬೇಕು. ಶನಿವಾರ ಕೊನೆಯದಾಗಿ ನೋಡಿದ್ದು ಕವಲಂದೆಯ ಚಿಕ್ಕಬಸಮ್ಮ ಎಂಬ ನಲವತ್ತಾರು ವರ್ಷದ ಹೆಂಗಸಿನ ಕಫ ಸವರಿದ ಗಾಜಿನ ಸ್ಲೈಡು, ಸಂಖ್ಯೆ 207. ಮೋಡ ಕವಿದಿತ್ತು, ಕನ್ನಡಿಯಲ್ಲಿ ಬೆಳಕು ನಿಲ್ಲುತ್ತಿರಲಿಲ್ಲ, ಕಣ್ಣು ಉರಿಯುತ್ತಿತ್ತು. ನಲವತ್ತಕ್ಕೆ ನಿಲ್ಲಿಸಿದೆ. 'ಇಲ್ಲ' ಎಂದು ಬರೆದು, ರುಜು ಹಾಕಿ, ವರದಿಯನ್ನು ಡಾಕ್ಟರ ಮೇಜಿನ ಟ್ರೇಯಲ್ಲಿಟ್ಟು ಬಸ್ಸು ಹತ್ತಿದೆ. ಆಕೆ ಸೋಮವಾರ ಹತ್ತು ಗಂಟೆಗೆ ಬಂದು ವರದಿ ಪಡೆಯುವವಳಿದ್ದಳು.

ಹಳೆಯ ಮೈಕ್ರೋಸ್ಕೋಪಿನ ಹೆಸರೆತ್ತಿದ್ದೇ ಸಿದ್ದಮಲ್ಲಪ್ಪನವರ ಕೈಯಲ್ಲಿದ್ದ ಕಾಫಿ ಲೋಟ ಮೊಣಕಾಲಿನ ಮೇಲೆ ಇಳಿಯಿತು.

"ಆ ಬೀರುವಿನ ಡ್ರಾಯರ್‌ನಾಗೆ ಒಂದು ತಗಡಿನ ಡಬ್ಬಿ, ಒಂದು ಹಾರ್ಲಿಕ್ಸ್ ಬಾಟ್ಲಿ ಮುಚ್ಚಳ ಇನ್ನೂ ಅವಾ?"

"ಇವೆ ಸಾರ್. ಡಬ್ಬಿಯಲ್ಲಿ ಹತ್ತು ಹುಣಸೆ ಬೀಜ ಇವೆ. ಯಾಕೆ ಅಂತ ಗೊತ್ತಾಗಲಿಲ್ಲ, ಎಸೆಯೋಕೂ ಮನಸ್ಸು ಬರಲಿಲ್ಲ."

"ಒಳ್ಳೇದಾಯ್ತು. ಎಸೀಬೇಡ." "ನಟರಾಜ, ಆ ಚೀಟಿ ಮಡಚಿಡು. ನಿನ್ ಅರ್ಹತೆ ಪಟ್ಟಿ ಕೇಳಿ ನಂಗೊಬ್ಬ ನೆನಪಾದ. ಓದಿದ್ದು ಏಳನೇ ಕ್ಲಾಸು. ನಾನು ಕಂಡ ಕಣ್ಣುಗಳಲ್ಲಿ ಅವನದೇ ಕಣ್ಣು. ಮಳೆ ಐದು ಗಂಟೆಗೆ ಮುಂಚೆ ಬಿಡಾಕಿಲ್ಲ, ಕೂತ್ಕೊಳಿ."

ಚನ್ನಾಜಮ್ಮ ಪುರಿಯ ತಟ್ಟೆಯನ್ನು ನಡುವೆ ಇಟ್ಟು, ಗೋಡೆಗೆ ಒರಗಿ ಕೂತರು. ಗಂಡ ಏನು ಹೇಳಲಿದ್ದಾರೆಂದು ಅವರಿಗೆ ಗೊತ್ತಿತ್ತು ಎನಿಸಿತು. ಸಿದ್ದಮಲ್ಲಪ್ಪ ಶುರು ಮಾಡಿದರು.

"ಅವನ ಹೆಸರು ಮಾದು. ಹೆಡತಲೆಯೋನು. ದಿನಗೂಲಿ ಮೇಲೆ ಅಟೆಂಡರ್ ಕೆಲ್ಸ... ಲ್ಯಾಬ್ ಗುಡಿಸೋದು, ಗಾಜು ತೊಳಿಯೋದು, ಇಷ್ಟೇ ಅವನ ಕೆಲ್ಸ ಅಂತ ಕಾಗದದಾಗೆ ಇದ್ದದ್ದು. ಬೆಳಿಗ್ಗೆ ನಾನು ಬಸ್ಸಿಳಿದು ಬರೋ ಹೊತ್ಗೆ ಬೀಗ ತೆಗ್ದು, ನೆಲ ಒರ್ಸಿ, ಮೈಕ್ರೋಸ್ಕೋಪಿನ ಹೊದಿಕೆ ಬಟ್ಟೇನ ನಾಕು ಮಡಿಕೆ ಮಾಡಿ ಪಕ್ಕಕ್ಕಿಟ್ಟು, ಕೆಂಪು ಬಣ್ಣ, ಆಸಿಡ್ಡು, ನೀಲಿ ಬಣ್ಣ ಮೂರು ಬಾಟ್ಲೀನೂ ಸಾಲಾಗಿ ಜೋಡ್ಸಿ, ಸ್ಪಿರಿಟ್ ದೀಪದ ಬತ್ತಿ ಕತ್ತರಿಸಿ, ತೆಂಗಿನ ಪೊರಕೆ ಕಡ್ಡೀನ ಗೇಣುದ್ದಕ್ಕೆ ಮುರಿದು ಒಂದು ಲೋಟದಾಗೆ ಇಟ್ಟಿರೋನು. ಕಫ ಸವರೋಕೆ ಆ ಪೊರಕೆ ಕಡ್ಡಿಗಿಂತ ಒಳ್ಳೇ ಸಾಮಾನು ಇನ್ನೂ ಯಾರೂ ಕಂಡುಹಿಡ್ದಿಲ್ಲ, ಅಲ್ವಾ ಭಾನು? ಹೆಂಗೆ ಕಲ್ತನೋ ದೇವ್ರಿಗೇ ಗೊತ್ತು... ಎರಡೇ ವರ್ಷದಾಗೆ ಅವ್ನು ಬಣ್ಣ ಹಾಕಿದ್ ಸ್ಲೈಡು ನಾನು ಹಾಕಿದ್ದಕ್ಕಿಂತ ಚೆಂದ ಬರೋದು. ಕೆಂಪು ಹುಯ್ದು ಕೆಳಗಿಂದ ದೀಪ ಆಡಿಸ್ಬೇಕು, ಆವಿ ಏಳ್ಬೇಕು, ಕುದೀಬಾರ್ದು. 'ಹಾಲು ಉಕ್ಕೋ ಮುಂಚೆ ನಿಮ್ಮನೆಯೋರು ಇಳಿಸ್ತಾರಲ್ಲ ಸಾ, ಅಂಗೆ' ಅನ್ನೋನು. ಆಸಿಡ್ ಹುಯ್ದ್ರೆ ಎಲ್ಲಾ ಕೆಂಪೂ ಬಿಟ್ಟೋಯ್ತದೆ, ಕ್ಷಯದ ಕ್ರಿಮಿ ಒಂದು ಬಿಟ್ಟು. ಅದು ಹಿಡಿದ ಬಣ್ಣ ಬಿಡಲ್ಲ. ಮೇಲೆ ನೀಲಿ ಹಾಕಿ ನೋಡಿದ್ರೆ ನೀಲಿ ಬಯಲಿನಾಗೆ ಅಲ್ಲೊಂದು ಇಲ್ಲೊಂದು ಕೆಂಪು ಕಡ್ಡಿ...

"ಆಗ ನಮ್ ಕೋಣೇಲಿ ದೀಪದ ಮೈಕ್ರೋಸ್ಕೋಪು ಎಲ್ಲಿತ್ತು? ಅದೊಂದೇ, ಒಂಟಿ ಕಣ್ಣಿಂದು. ಅಡೀಲಿರೋ ಕನ್ನಡೀನ ಬಡಗಲ ಕಿಟಕಿಗೆ ತಿರುಗ್ಸಿ ಆಕಾಶದ ಬೆಳಕು ಹಿಡೀಬೇಕು. ಬಿಸಿಲು ಹಿಡಿದ್ರೆ ಕಣ್ಣು ಕುಕ್ಕುತ್ತೆ, ಬಿಳೀ ಮೋಡ ಹಿಡಿದ್ರೆ ಹಾಲು ಚೆಲ್ಲಿದಂಗೆ. ಮಾದು ನಂಗಿಂತ ಮೊದ್ಲು ಬಾಗಿಲಾಚೆ ನಿಂತು ಆಕಾಶ ನೋಡಿ, 'ಇನ್ನರ್ಧ ಗಂಟೆ ಒಳ್ಳೇ ಮೋಡ ಅದೆ, ಬನ್ನಿ ಸಾ' ಅಂತ ಕೂಗೋನು. ಬಿತ್ತನೆಗೆ ಮೋಡ ನೋಡೋರನ್ನ ಕಂಡಿದೀನಿ, ಸ್ಲೈಡಿಗೆ ಮೋಡ ನೋಡೋನು ಅವನೊಬ್ಬನೇ.

"ಹುಣಸೆ ಬೀಜನೂ ಅವನದೇ. ನೂರು ಫೀಲ್ಡು ಎಣಿಸ್ತಾ ಎಣಿಸ್ತಾ ಲೆಕ್ಕ ತಪ್ಪೋದು ಎಲ್ಲಾರ್ಗೂ ಇದ್ದದ್ದೇ. ಅವನು ಹತ್ತು ಬೀಜ ತಂದ. ಹತ್ತು ಫೀಲ್ಡು ನೋಡಿದ್ರೆ ಒಂದು ಬೀಜ ಡಬ್ಬಿಯಿಂದ ತೆಗ್ದು ಮುಚ್ಚಳಕ್ಕೆ, ಟಕ್. ಇನ್ನ ಹತ್ತು, ಟಕ್. ನಾನು ಕಣ್ಣೆತ್ತದೇ ನೋಡ್ತಾ ಇದ್ರೆ ಅವನು ಪಕ್ಕದಾಗೆ ನಿಂತು ಬೀಜ ಹಾಕೋನು. ಹತ್ತನೇದು ಬಿದ್ಮೇಲೆ ಪೆನ್ನು ಕೈಗೆ ಕೊಡೋನು. ಅದಕ್ಕೆ ಮುಂಚೆ ಕೊಡ್ತಿರ್ಲಿಲ್ಲ! ಇನ್ನೊಂದು ಚಟ ಇತ್ತು. ಸ್ಲೈಡ್ ಸರಿಸೋ ತಟ್ಟೆ ಅಂಚಿನಾಗೆ ಮಿಲಿಮೀಟರ್ ಗೀಟು ಇರ್ತಾವಲ್ಲ, ಅಡ್ಡಕ್ಕೊಂದು ಉದ್ದಕ್ಕೊಂದು... ಎಲ್ಲಾದ್ರೂ ಕೆಂಪು ಕಂಡ್ರೆ ಆ ಗೀಟಿನ ಅಂಕಿ ಚೀಟೀಲಿ ಬರ್ಕೊಳೋನು, ಕನ್ನಡ ಅಂಕೀಲಿ. 'ಮನೆ ನಂಬ್ರ ಇದ್ರೆ ಯಾರ್ ಬೇಕಾದ್ರೂ ಓಗ್ಬೌದಲ್ವಾ ಸಾ' ಅಂತ. ಮೈಸೂರಲ್ಲಿ ಒಂದು ವರ್ಷ ಟ್ರೈನಿಂಗ್ ತಗೊಂಡು ಸರ್ಟಿಫಿಕೇಟು ಗೋಡೆಗೆ ಹೊಡೆದಿದ್ದೋನು ನಾನು. ಆ ಬುದ್ಧಿ ನಂಗೆ ಹೊಳೀಲಿಲ್ಲ."

"ಸಾರ್, ಮಳೇಲಿ ಕರೆಂಟು ಹೋದಾಗ ದೆವ್ವದ ಕತೆ ಹೇಳ್ತೀರ ಅಂದ್ಕೊಂಡ್ರೆ, ಇದು ಬೀಳ್ಕೊಡುಗೆ ಭಾಷಣ ಆಯ್ತಲ್ಲ?" ಎಂದ ನಟರಾಜ್.

"ಸುಮ್ನೆ ಕೂತ್ಕೊ ಕಣ್ಲಾ" ಎಂದರು ಚನ್ನಾಜಮ್ಮ. ಅವರ ದನಿಯಲ್ಲಿ ಈಗ ತಮಾಷೆ ಇರಲಿಲ್ಲ.

"ತೊಂಬತ್ಮೂರು, ನವೆಂಬರ್" ಎಂದು ಸಿದ್ದಮಲ್ಲಪ್ಪ ಮುಂದುವರಿಸಿದರು. "ಅವನಿಗೆ ಕೆಮ್ಮು ಹತ್ಕೊಂಡಿತ್ತು. ಬಾಯಿಗೆ ಟವಲ್ ಒತ್ತಿ, ಆಚೆ ಹೋಗಿ ಕೆಮ್ಮೋನು... ಗುಬುಕ್, ಗುಬುಕ್ ಅಂತ, ಮಡಕೆಯೊಳಗೆ ಕೆಮ್ಮಿದಂಗೆ. 'ಏನಯ್ಯಾ' ಅಂದ್ರೆ 'ಬಣ್ಣದ ಆವಿಗೆ ಸಾ' ಅಂದ. ನಾನೂ ಹಂಗೇ ಅಂದ್ಕೊಂಡೆ. ಆ ಕೆಂಪು ಬಣ್ಣದ ಆವಿ ನಂಗೂ ಕೆಮ್ಮು ತರ್ತಿತ್ತಲ್ಲ? ದಿನಾ ಊರೋರ ಕೆಮ್ಮಿಗೆ ಕಾರಣ ಹುಡುಕೋ ಇಬ್ರು, ಒಂದೇ ಕೋಣೇಲಿ ಕೂತು, ಪಕ್ಕದೋನ ಕೆಮ್ಮನ್ನ ಬಣ್ಣದ ಬಾಟ್ಲಿ ಮೇಲೆ ಹಾಕಿದ್ವಿ. ಇದಕ್ಕಿಂತ ಪೆದ್ದುತನ ಇನ್ನೇನದೆ ಹೇಳಿ?

"ಒಂದು ಶನಿವಾರ ಕೊನೇ ಸ್ಲೈಡು. ನಂಬರು ಮುನ್ನೂರ ಹದಿನೆಂಟು. ಕೃಷ್ಣ, ಮೂವತ್ತೆಂಟು ವರ್ಷ, ಹೆಡತಲೆ ಅಂತ ಮಾದುನೇ ಬರೆದಿದ್ದ. 'ನಮ್ ಭಾಮೈದ ಸಾ, ಗದ್ದೆ ಕೆಲ್ಸ ಬಿಟ್ಟು ಬರಕ್ಕಾಗ್ಲಿಲ್ಲ, ಕಫ ಕಳ್ಸವ್ನೆ' ಅಂದ. ಅವತ್ತು ಇವಳ ತಮ್ಮನ ಮದ್ವೆ ಮಾತುಕತೆ, ಮನೇಲಿ ನೆಂಟ್ರು. ನಾಕೂ ಹತ್ತರ ಬಸ್ಸು ಬಿಟ್ರೆ ಇನ್ನು ಆರಕ್ಕೇ. ಆರು ಬೀಜ ಬಿದ್ವು. ಏನೂ ಕಾಣ್ಲಿಲ್ಲ. ನಾನು ಪೆನ್ನಿಗೆ ಕೈ ಚಾಚಿದೆ. ಅವನು ಕೊಡ್ಲಿಲ್ಲ.

"'ಸಾ, ಇನ್ನ ನಾಕು ಬೀಜ ಅವೆ' ಅಂದ.

"'ಅರವತ್ತು ನೋಡಿದೀನಿ ಕಣಯ್ಯ. ಕ್ಲೀನಾಗದೆ. ಕೊಡಿಲ್ಲಿ.'

"'ನೂರಾಗ್ಲಿ ಸಾ. ಒಂದೀಟು ಬಲಕ್ಕೆ ಸರ್ಸಿ, ಅಷ್ಟೇಯ...'

"ಹೊರಗೆ ಬಸ್ಸಿನ ಹಾರನ್ ಕೇಳ್ತು. ನಂಗೆ ರೇಗೋಯ್ತು. ಏನಂದೆ ಗೊತ್ತಾ? 'ಸರ್ಟಿಫಿಕೇಟು ಇರೋದು ನಂಗೋ ನಿಂಗೋ? ರುಜು ಮಾಡೋನು ನಾನೋ ನೀನೋ?' ಅಂದೆ. ಕೋಣೇಲಿ ನಾವಿಬ್ರೇ ಇದ್ದದ್ದು... ಯಾರಾದ್ರೂ ಮೂರನೇಯೋರು ಇದ್ದಿದ್ರೆ ಆ ಮಾತು ನನ್ನ ಬಾಯಿಂದ ಬರ್ತಿರ್ಲಿಲ್ವೇನೋ. ಅವನು ನನ್ನ ಮುಖ ನೋಡಿದ. 'ನೀವೇ ಸಾ' ಅಂದ. ಪೆನ್ನು ಕೊಟ್ಟ. ನಾನು 'ಇಲ್ಲ' ಅಂತ ಬರ್ದೆ."

ಮಳೆ ಇನ್ನೂ ಜೋರಾಯಿತು. ಹೆಂಚಿನ ಸಂದಿಯಿಂದ ಒಂದೊಂದೇ ಹನಿ ಬೀಳತೊಡಗಿದಾಗ ಚನ್ನಾಜಮ್ಮ ಎದ್ದು ಕೆಳಗೆ ಒಂದು ಪಾತ್ರೆ ಇಟ್ಟರು. ಟಕ್ ಎಂದಿತು. ನಟರಾಜ್ ತಿರುಗಿ ನೋಡಿದ. ನಾನೂ ನೋಡಿದೆ.

"ಶಿವರಾತ್ರಿ ಕಳೆದು ಒಂದು ವಾರ. ಎರಡು ದಿನ ಮಾದು ಕೆಲ್ಸಕ್ಕೆ ಬರ್ಲಿಲ್ಲ. ಆರು ವರ್ಷದಾಗೆ ಹಂಗಾಗಿರ್ಲಿಲ್ಲ. ಮೂರನೇ ದಿನ ಹೆಡತಲೆಗೆ ಹೋದೆ. ಬಾಗಿಲ ಮುಂದೆ ಜನ... ಹಿಂದಿನ ದಿನ ರಕ್ತ ಕಾರ್ಕೊಂಡು ಹೋಗ್ಬಿಟ್ಟಿದ್ದ. ಅವನ ಹೆಂಡ್ತಿ ಮಹದೇವಮ್ಮ ನನ್ನ ನೋಡಿ ಎದ್ದು ಬಂದ್ಲು. ಬೈದ್ಲಾ? ಇಲ್ಲ. ಬೈದಿದ್ರೆ ಎಷ್ಟೋ ಚೆನ್ನಾಗಿತ್ತು. 'ಕೃಷ್ಣನ ಎಸ್ರಲ್ಲಿ ಕಫ ತೋರ್ಸಿದ್ರಂತೆ ಸಾ. ಕಾಯಿಲೆ ಅಂತ ಗೊತ್ತಾದ್ರೆ ಕೆಲ್ಸದಿಂದ ಬುಡಿಸ್ತಾರೆ, ಮಗಳ ಓದು ನಿಂತೋಯ್ತದೆ, ಅದಕ್ಕೆ ಅವ್ನ ಎಸ್ರಲ್ಲೇ ಮಾತ್ರೆ ಈಸ್ಕೊಂಡು ತಿಂತೀನಿ ಅಂದಿದ್ರು. ಆಮೇಲೆ, ಏನೂ ಇಲ್ವಂತೆ, ನಮ್ ಸಾರೇ ಬರ್ದವ್ರೆ ಅಂದ್ರು. ನೀವ್ ಬರ್ದ್ಮೇಲೆ ಇರಾಕಿಲ್ಲ ಅಂದ್ಕೊಂಡೊ' ಅಂದ್ಲು. ಅಷ್ಟೇ ಅಂದ್ಲು.

"ಸೀದಾ ಲ್ಯಾಬಿಗೆ ಬಂದೆ. 'ಇಲ್ಲ' ಅಂದ ಸ್ಲೈಡುಗಳನ್ನೂ ಮರುಪರೀಕ್ಷೆಗೆ ಅಂತ ಪೆಟ್ಟಿಗೇಲಿ ಇಟ್ಟಿರ್ತೀವಲ್ಲ... ಮುನ್ನೂರ ಹದಿನೆಂಟು ತೆಗ್ದೆ. ಅದರ ಕೆಳಗೆ ಒಂದು ಚೀಟಿ. ಕನ್ನಡ ಅಂಕಿ. ಅಡ್ಡ ೪೧.೩, ಉದ್ದ ೧೨.೦. ನಾನು ಮಧ್ಯಾಹ್ನ ಊಟಕ್ಕೆ ಹೋದಾಗ ಅವನೇ ನೋಡಿದ್ದ. ಕಂಡಿದ್ದ. ಮನೆ ನಂಬ್ರ ಬರೆದಿಟ್ಟಿದ್ದ... ಆದ್ರೆ ಅವನು ಕಂಡದ್ದು ಲೆಕ್ಕಕ್ಕೆ ಎಲ್ಲಿ ಬತ್ತದೆ? ನಾನು ಕಾಣ್ಬೇಕು, ನಾನು ಬರೀಬೇಕು. ತಟ್ಟೇನ ಆ ಅಂಕಿಗೆ ಸರ್ಸಿ ಕಣ್ಣಿಟ್ಟೆ. ಮೂರು ಕೆಂಪು ಕಡ್ಡಿ. ನಾನು ಯಾವಾಗ್ಲೂ ಶುರು ಮಾಡೋ ಅಂಚಿಂದ ಎಣಿಸ್ಕೊಂಡು ಬಂದೆ. ಅರವತ್ತೆಂಟನೇ ಫೀಲ್ಡು. ಏಳನೇ ಬೀಜ ಬೀಳೋಕೆ ಮುಂಚೆ ಸಿಗ್ತಿತ್ತು ಕಣಮ್ಮ... ಏಳನೇ ಬೀಜ ಬೀಳೋಕೂ ಮುಂಚೆ.

"ಅವನಿಗೆ ಗೊತ್ತಿತ್ತಲ್ಲ? ಗೊತ್ತಿದ್ದೂ ಮನೇಲಿ 'ನಮ್ ಸಾರೇ ಬರ್ದವ್ರೆ, ಏನೂ ಇಲ್ಲ' ಅಂದನಲ್ಲ? ಮೈಸೂರಿಗೆ ಹೋಗಿ ತೋರಿಸ್ಬೌದಿತ್ತಲ್ಲ? ಇಲ್ಲಾ ನನ್ನ ಕೈ ಹಿಡ್ದು 'ಅದು ನಂದೇ ಸಾ' ಅನ್ಬೌದಿತ್ತಲ್ಲ? ನಾನಾಡಿದ ಮಾತಿಗೆ ಅವನ ಬಾಯಿ ಕಟ್ಟೋಯ್ತು ಅಂತ ನಂಗೆ ಗೊತ್ತು. ಬೇರೆ ಕಾರಣ ಸಿಗ್ಬೌದೇನೋ ಅಂತ ಹತ್ತು ವರ್ಷದಿಂದ ಹುಡುಕ್ತಾ ಇದೀನಿ. ಸಿಕ್ಕಿಲ್ಲ.

"ಇನ್ನು ನಟರಾಜನ ದೆವ್ವ..." ಎಂದು ಅವರು ನಟರಾಜನನ್ನು ನೋಡಿದರು. ನಟರಾಜ್ ನಗಲಿಲ್ಲ.

"ಅದೇ ವರ್ಷ ಮೇ ತಿಂಗಳು. ಮಧ್ಯಾಹ್ನ ಮೂರು ಗಂಟೆ, ಹೊರಗೆ ಕಣ್ಣು ಬಿಡೋಕಾಗದ ಬಿಸಿಲು. ದೆವ್ವ ಬರೋ ಹೊತ್ತಾ ಅದು? ಒಬ್ಬ ಮೇಷ್ಟ್ರ ಸ್ಲೈಡು. ಎಂಟು ಬೀಜ ಹಾಕಿದ್ದೆ. ತಲೆನೋವು. ಇಷ್ಟೆಲ್ಲಾ ಆದ್ಮೇಲೂ ಬುದ್ಧಿ ಬಂತಾ ನಂಗೆ? ಎಂಬತ್ತಾಯ್ತು, ಸಾಕು ಅಂತ, ನೋಡೋಕೆ ಸ್ಲೈಡಿಗೆ ಬಿಟ್ಟಿದ್ದ ಎಣ್ಣೆ ಒರ್ಸಿ ಪೆಟ್ಟಿಗೇಲಿಟ್ಟು, ಕೈ ತೊಳೆಯೋಕೆ ಆಚೆ ತೊಟ್ಟಿಗೆ ಹೋದೆ. ಸೋಪು ಹಚ್ತಾ ಇದೀನಿ... ಒಳಗಿಂದ ಕೆಮ್ಮು. ಗುಬುಕ್, ಗುಬುಕ್. ಟವಲ್ ಒತ್ಕೊಂಡ ಕೆಮ್ಮು. ಆಮೇಲೆ, ಟಕ್.

"ಓಡಿ ಬಂದೆ. ಯಾರೂ ಇಲ್ಲ. ಮಾದು ಸೇದ್ತಿದ್ದ ಬೀಡಿ ವಾಸ್ನೆ, ಮೈಕ್ರೋಸ್ಕೋಪಿನ ಎಣ್ಣೆ ವಾಸ್ನೆ. ಪೆಟ್ಟಿಗೇಲಿಟ್ಟಿದ್ದ ಸ್ಲೈಡು ತಟ್ಟೆ ಮೇಲೆ ಕೂತದೆ, ಹಸೀ ಎಣ್ಣೆ ಹಚ್ಕೊಂಡು. ಮುಚ್ಚಳದಾಗೆ ಒಂಬತ್ತು ಬೀಜ. ಮುಖ ಕಂಡ್ತಾ ಅಂತ ಕೇಳ್ತೀರಾ? ಇಲ್ಲ. ಆದ್ರೆ ಆ ತಿರುಗೋ ಸ್ಟೂಲು ಅದೆಯಲ್ಲ... ನಾನು ಉದ್ದ, ನಾನು ಕೂರೋವಾಗ ಕೆಳಕ್ಕೆ ಇಳಿಸ್ಕೊತೀನಿ. ಮಾದು ಕುಳ್ಳ. ಅವನು ಕೂತ್ರೆ ನಾಕು ಸುತ್ತು ಮೇಲಕ್ಕೆ ಏರಿಸೋನು. ಸ್ಟೂಲು ನಾಕು ಸುತ್ತು ಮೇಲಕ್ಕೆ ಏರಿತ್ತು.

"ಕಣ್ಣಿಟ್ಟೆ. ನಟ್ಟನಡುವೆ ಒಂದು ಕೆಂಪು ಕಡ್ಡಿ.

"ಭಯ ಆಯ್ತಾ ಅಂದ್ರೆ... ಭಯ ಆಗ್ಲಿಲ್ಲ ಕಣ್ರಪ್ಪ. ನಾಚ್ಕೆ ಆಯ್ತು. 'ಆಯ್ತು ಮಾದು, ಇನ್ನೊಂದು ಬೀಜ ಅದೆ, ಹಾಕು' ಅಂದೆ ಜೋರಾಗಿ. ಯಾರೂ ಹಾಕ್ಲಿಲ್ಲ. ನಾನೇ ಹತ್ತು ಫೀಲ್ಡು ನೋಡಿ ಹತ್ತನೇದು ಹಾಕ್ದೆ. ಆ ಮೇಷ್ಟ್ರು ಈಗ್ಲೂ ಸೈಕಲ್ ಮೇಲೆ ಓಡಾಡ್ತಾವ್ರೆ. ಅಲ್ಲಿಂದ ರಿಟೈರ್ ಆಗೋವರ್ಗೂ ನೂರಕ್ಕೆ ಒಂದು ಕಮ್ಮಿ ನೋಡ್ಲಿಲ್ಲ. ನೋಡ್ತಾ ನೋಡ್ತಾ ಅವನ ಹತ್ರ ಮಾತಾಡೋನು... ಇವತ್ತು ಒಳ್ಳೇ ಮೋಡ ಕಣೋ ಮಾದು, ಕೆಂಪು ಬಣ್ಣ ಹೊಸಾದು ಬಂದದೆ, ನಿನ್ ಕೈಯಷ್ಟು ಚೆಂದ ನನ್ ಕೈಲಿ ಬರಾಕಿಲ್ಲ... ಹಿಂಗೇ. ನಾನು ಸರಿಯಾಗಿ ನೋಡಿದ್ ದಿನ ಅವನು ಬರ್ತಿರ್ಲಿಲ್ಲ. ಅದೊಂದೇ ಬೇಜಾರು. ಎಷ್ಟೋ ಸಲ ಅನ್ನಿಸ್ತಿತ್ತು, ಬೇಕೂಂತ ಎರಡು ಬೀಜ ಬಿಟ್ಬಿಡ್ಲಾ, ಒಂದ್ಸಲ ಬಂದೋಗ್ಲಿ ಅಂತ. ಬಿಡ್ಲಿಲ್ಲ.

"ಅವನ ಮಗಳು ಯಶೋಧರಾ ಓದು ಬಿಡ್ಲಿಲ್ಲ. ಲ್ಯಾಬ್ ಟೆಕ್ನೀಷಿಯನ್ ಕೋರ್ಸಿಗೆ ಸೇರ್ಕೊ ತಾಯಿ ಅಂತ ಅರ್ಜಿ ತಗೊಂಡು ಹೋಗಿದ್ದೆ. ಅರ್ಜೀನ ನೋಡ್ಲೂ ಇಲ್ಲ. 'ಬೇಡ ಸಾರ್' ಅಂದ್ಲು. ಈಗ ಟೀಚರ್ ಆಗವ್ಳೆ. ದಾರೀಲಿ ಸಿಕ್ಕಿದ್ರೆ ನಮಸ್ಕಾರ ಅಂತಾಳೆ, ನಿಲ್ಲಲ್ಲ. ಸರಿಯಾಗೇ ಮಾಡ್ತಾಳೆ."

ಮಳೆ ಕಡಿಮೆಯಾಗಿತ್ತು. ಪಾತ್ರೆಗೆ ಹನಿ ಬೀಳುವುದು ನಿಂತಿತ್ತು. ನಟರಾಜ್ ಜಾಹೀರಾತನ್ನು ಜೇಬಿಗೆ ಸೇರಿಸಿ, "ನಿಮ್ಮ ನಂತರ ಆ ಲ್ಯಾಬಿಗೆ ಬಂದೋರು, ಸಾರ್?" ಎಂದು ಮೆಲ್ಲಗೆ ಕೇಳಿದ.

"ಮೂರು ಜನ ಬಂದ್ರು. ಇಬ್ರು ವರ್ಷ ತುಂಬೋಕೆ ಮುಂಚೆ ವರ್ಗ ಮಾಡಿಸ್ಕೊಂಡ್ರು. ಯಾಕೆ ಅಂತ ಯಾರೂ ಬಾಯಿ ಬಿಡ್ಲಿಲ್ಲ. ಮೂರನೇಯೋಳು ಪೂರಾ ಐದು ವರ್ಷ ಇದ್ಲು. ಅವಳು ನೂರು ನೋಡೋಳು ಅಂತ ನಾನು ಲೆಕ್ಕ ಹಾಕ್ಕೊಂಡೆ."

ನಾವು ಹೊರಡಲು ಎದ್ದಾಗ ನಾಲ್ಕು ಐವತ್ತು. ಚನ್ನಾಜಮ್ಮ ನನ್ನ ಕೈಗೆ ಕೊಡೆ ಕೊಟ್ಟರು. ಸಿದ್ದಮಲ್ಲಪ್ಪ ಬಾಗಿಲವರೆಗೂ ಬಂದು, ಮೋಡದ ಕಡೆ ಒಮ್ಮೆ ನೋಡಿ, ನನ್ನನ್ನು ಕೇಳಿದರು:

"ನಿನ್ನೆ ಆ ಹಳೇದರಲ್ಲಿ ಎಷ್ಟು ನೋಡ್ದೆ, ಮಗಾ?"

ಸುಳ್ಳು ಹೇಳಲು ಆಗಲಿಲ್ಲ. "ನಲವತ್ತು ಸಾರ್."

ಅವರು ಬೈಯಲಿಲ್ಲ.

"ಹೆದರ್ಬೇಡ. ಇವತ್ತು ಭಾನುವಾರ, ಲ್ಯಾಬು ಖಾಲಿ. ಆದ್ರೆ ಇಡೀ ದಿನ ಕರೀ ಮೋಡ ನೋಡು, ಕನ್ನಡೀಲಿ ಬೆಳಕು ನಿಲ್ಲಲ್ಲ... ನಿಧಾನ ಆಯ್ತದೆ ಅವನಿಗೆ. ನಾಳೆ ನೀನು ಬೀಗ ತೆಗೆಯೋ ಹೊತ್ಗೆ ಮುಗಿಸಿರ್ತಾನೆ."

ಸೋಮವಾರ ಬೆಳಿಗ್ಗೆ ಎಂಟೂ ಮೂವತ್ತೈದಕ್ಕೆ ನಾನು ಲ್ಯಾಬಿನ ಮುಂದೆ ಇದ್ದೆ. ಆ ಬೀಗಕ್ಕೆ ಇರುವುದು ಒಂದೇ ಕೀಲಿ. ಅದು ಶನಿವಾರದಿಂದ ನನ್ನ ಚೀಲದಲ್ಲೇ ಇತ್ತು. ಬೀಗ ಹಾಕಿದಂತೆಯೇ ಇತ್ತು. ಕಿಟಕಿಯ ಚಿಲಕವೂ ಒಳಗಿನಿಂದ ಹಾಕಿದಂತೆಯೇ ಇತ್ತು.

ಹಳೆಯ ಮೈಕ್ರೋಸ್ಕೋಪನ್ನು ನಾನು ಬಟ್ಟೆ ಹೊದಿಸಿ ಬೀರುವಿನಲ್ಲಿಟ್ಟು ಹೋಗಿದ್ದೆ. ಅದು ಬಡಗಲ ಕಿಟಕಿಯ ಕೆಳಗೆ ಬೆಂಚಿನ ಮೇಲಿತ್ತು. ಬಟ್ಟೆ ನಾಲ್ಕು ಮಡಿಕೆಯಾಗಿ ಪಕ್ಕದಲ್ಲಿತ್ತು. ತಟ್ಟೆಯ ಮೇಲೆ ಸಂಖ್ಯೆ 207. ಹಾರ್ಲಿಕ್ಸ್ ಮುಚ್ಚಳದಲ್ಲಿ ಏಳು ಬೀಜ, ಡಬ್ಬಿಯಲ್ಲಿ ಮೂರು.

ಸ್ಟೂಲಿನ ಮೇಲೆ ಕೂತೆ. ಯಾವಾಗಲೂ ನೆಲ ಮುಟ್ಟುವ ನನ್ನ ಪಾದಗಳು ಅಂದು ನೆಲ ಮುಟ್ಟಲಿಲ್ಲ.

ಮಳೆ ಹೊಳವಾಗಿ ಆಕಾಶದಲ್ಲಿ ಬಿಳಿಯ ಮೋಡ ನಿಂತಿತ್ತು. ಕನ್ನಡಿಯನ್ನು ನಾನು ತಿರುಗಿಸಬೇಕಾಗಲಿಲ್ಲ. ಏನನ್ನೂ ಅಲುಗಿಸದೆ ಕಣ್ಣಿಟ್ಟೆ. ನೀಲಿಯ ನಟ್ಟನಡುವೆ ಎರಡು ಕೆಂಪು ಕಡ್ಡಿಗಳು, ಒಂದಕ್ಕೊಂದು ತಾಗಿಕೊಂಡು.

ಡಾಕ್ಟರ ಟ್ರೇಯಲ್ಲಿದ್ದ ನನ್ನ ವರದಿಯನ್ನು ತಂದು ಹರಿದೆ. ಚಿಕ್ಕಬಸಮ್ಮ ಬರಲು ಇನ್ನೂ ಒಂದು ಗಂಟೆಗಿಂತ ಹೆಚ್ಚು ಸಮಯವಿತ್ತು. ಉಳಿದ ಫೀಲ್ಡ್‌ಗಳಿಗಾಗಿ ಸ್ಲೈಡನ್ನು ಸರಿಸುವ ಮೊದಲು, ರಿಜಿಸ್ಟರಿನಲ್ಲಿ 207ರ ಮುಂದೆ 'ಇಲ್ಲ' ಎಂಬುದನ್ನು ಹೊಡೆದುಹಾಕಿ 'ಇದೆ' ಎಂದು ಬರೆದೆ. ಷರಾ ಕಾಲಂನಲ್ಲಿ, ಮುಂದೆ ಯಾರು ಬೇಕಾದರೂ ಹೋಗಿ ನೋಡಲು ಆಗುವಂತೆ, ತಟ್ಟೆಯ ಅಂಚಿನ ಗೀಟನ್ನು ಓದಿ ಗುರುತು ಹಾಕಿದೆ: ಅಡ್ಡ 36.8 ಮಿಲಿಮೀಟರ್, ಉದ್ದ 14.2 ಮಿಲಿಮೀಟರ್.